ಕಂಡಕ್ಟರಣ್ಣನ ಎರಡನೆಯ ಗಂಟಲು

ಕಂಡಕ್ಟರಣ್ಣನ ತಿಥಿಯ ದಿನ ಊಟಕ್ಕೆ ಕೂರುವ ಮುಂಚೆ ಹಿರಿಯರೊಬ್ಬರು ಎದ್ದು ನಿಂತು, "ನಮ್ಮ ಕಂಡಕ್ಟರಣ್ಣಂದು ಬಲು ದೊಡ್ಡ ಮನಸ್ಸು. ಯಾರು ಏನಂದ್ರೂ ಕ್ಷಮಿಸಿಬಿಡೋರು" ಎಂದರು. ಪಡಸಾಲೆಯ ಮೂಲೆಯಲ್ಲಿ ಗಾಲಿಕುರ್ಚಿಯ ಮೇಲಿದ್ದ ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುವವರು, ಗಟ್ಟಿಯಾಗಿ ನಕ್ಕುಬಿಟ್ಟರು. ಪಾರ್ಶ್ವವಾಯು ಬಡಿದು ಅವರ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಬಂದಿದ್ದವರಲ್ಲಿ ಎಷ್ಟೋ ಜನ ಅದನ್ನು ಅಳುವೆಂದೇ ತಿಳಿದರು. ಒಬ್ಬರು ಓಡಿಹೋಗಿ ನೀರು ತಂದುಕೊಟ್ಟರು. ಪಕ್ಕದಲ್ಲಿ ಕೂತಿದ್ದ ನನ್ನ ಮೊಣಕೈಯನ್ನು ಅಕ್ಕ ಸ್ವಾಧೀನದಲ್ಲಿದ್ದ ಬಲಗೈಯಿಂದ ಚಿವುಟಿದರು. ಆಗ ನನಗೂ ನಗು ತಡೆಯಲು ಕಷ್ಟವಾಯಿತು.

ಕಂಡಕ್ಟರಣ್ಣ ಯಾರನ್ನೂ ಕ್ಷಮಿಸಿದವರಲ್ಲ. ಕ್ಷಮಿಸಿದರು ಎಂದು ಯಾರಾದರೂ ಹೇಳಿದ್ದು ಅವರ ಕಿವಿಗೆ ಬಿದ್ದಿದ್ದರೆ, ಹಾಗೆ ಹೇಳಿದವರ ಮೇಲೂ ಒಂದು ಹಗೆ ಇಟ್ಟುಕೊಳ್ಳುತ್ತಿದ್ದರು.

ನಾನು ಹಾಸನದ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಹೊಳೆನರಸೀಪುರದಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಳಗಿನ ಬಸ್ಸಿಗೆ ಅವರೇ ಕಂಡಕ್ಟರು. "ಹಾಸ್ನ ಹಾಸ್ನ ಹಾಸ್ನಾ... ಯಾರ್ರೀ ಹಾಸ್ನ!" ಎಂದು ಅವರು ಫುಟ್‌ಬೋರ್ಡಿನ ಮೇಲೆ ನಿಂತು ಕೂಗಿದರೆ, ಮನೆಯಲ್ಲಿ ಜಡೆ ಹೆಣೆದುಕೊಳ್ಳುತ್ತಿದ್ದ ನನಗೆ ಕೇಳಿಸುತ್ತಿತ್ತು. ಎಷ್ಟೋ ದಿನ ಜಡೆಯ ತುದಿಗೆ ಬ್ಯಾಂಡ್ ಹಾಕಿಕೊಂಡದ್ದು ಬಸ್ಸಿನೊಳಗೆ. ಆಮೇಲೆ ನಾವು ಊರಾಚೆಯ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ನೋಡಿದರೆ, ಎರಡು ಖಾಲಿ ಸೈಟು ದಾಟಿದರೆ ಅವರದೇ ಮನೆ.

ಅವರ ಹಗೆಯ ರೀತಿಯೇ ಬೇರೆ. ಕೈ ಎತ್ತುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಕಾಯುತ್ತಿದ್ದರು. ದಿನವೂ ಬರುತ್ತಿದ್ದ ಒಬ್ಬ ಗುಮಾಸ್ತ ಒಮ್ಮೆ ಅವರನ್ನು ಚಿಟಿಕೆ ಹೊಡೆದು, "ಏಯ್, ಇಲ್ಲಿ ಬಾ" ಎಂದು ಕರೆದ. ಕಂಡಕ್ಟರಣ್ಣ ಬಂದರು, ಟಿಕೆಟ್ ಹರಿದು ಕೊಟ್ಟರು, ನಕ್ಕರು. ಮಾರನೆಯ ದಿನದಿಂದ ಅವನು ಇಳಿಯುವ ಸ್ಟಾಪಿನಲ್ಲಿ ಸೀಟಿ ತಡವಾಗತೊಡಗಿತು. ಬಸ್ಸು ಒಂದು ಕೂಗಳತೆ ಮುಂದೆ ಹೋಗಿಯೇ ನಿಲ್ಲುವುದು. ಮಳೆಯಲ್ಲಿ, ಬಿಸಿಲಿನಲ್ಲಿ ಆತ ಫೈಲು ತಲೆಯ ಮೇಲಿಟ್ಟುಕೊಂಡು ಹಿಂದಕ್ಕೆ ನಡೆದು ಹೋಗುವುದನ್ನು ನಾವೆಲ್ಲ ಕಿಟಕಿಯಿಂದ ನೋಡುತ್ತಿದ್ದೆವು. ಆತನಿಗೆ ವರ್ಗವಾಗುವವರೆಗೂ ಇದು ನಡೆಯಿತು. ಕಾಲೇಜು ಹುಡುಗಿಯೊಬ್ಬಳಿಗೆ ಕೈ ತಾಕಿಸಿದ ಒಬ್ಬನನ್ನು ಇಳಿಸುವಾಗಲಂತೂ ಆ ಗಂಟಲಿನಲ್ಲಿ, "ದಾರಿ ಬಿಡ್ರಪ್ಪಾ, ಕಂಬಿ ಇಡ್ಕಳ್ಳದ್ ಬುಟ್ಟು ಎಣ್ಮಕ್ಳ ಕೈ ಇಡ್ಕಳ್ಳೋ ಸಾವ್ಕಾರ್ರು ಇಳೀತಾವ್ರೆ!" ಎಂದು ಕೂಗಿದರು. ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ತಿರುಗಿ ನೋಡಿತು. ಅವನು ಮತ್ತೆ ಆ ಬಸ್ಸು ಹತ್ತಿದ್ದನ್ನು ನಾನು ಕಾಣೆ.

"ಬುಟ್ಬುಡಿ ಅಣ್ಣ, ಎಲ್ಲದನ್ನೂ ಯಾಕೆ ತಲೇಲಿ ಇಟ್ಕೋತೀರ?" ಎಂದು ಒಮ್ಮೆ ಕೇಳಿದ್ದೆ.

"ತಲೇಲಿ ಇಟ್ಕಳದೆ ಇನ್ನೆಲ್ಲಿಡ್ಲಿ ಟೀಚರಮ್ಮ? ಬ್ಯಾಗಲ್ಲಿ ಚಿಲ್ರೆ ಅದೆ."

ನಿವೃತ್ತಿಯಾದ ಮೇಲೆ ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಬೀಡಿಯ ಫಲ. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಕುತ್ತಿಗೆಯಲ್ಲಿ ಉಸಿರಾಟಕ್ಕೊಂದು ತೂತು ಉಳಿಯಿತು. ಅದರ ಮೇಲೆ ಅಕ್ಕ ತೆಳುವಾದ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಇಡೀ ಊರನ್ನು ಎಬ್ಬಿಸುತ್ತಿದ್ದ ಮನುಷ್ಯ ಮಾತಾಡಲು ಹೋದರೆ ಬರೀ ಗಾಳಿಯ ಸದ್ದು. ಕೆಲವು ತಿಂಗಳು ಅವರು ಮನೆಯಿಂದ ಹೊರಗೆ ಬರಲೇ ಇಲ್ಲ.

ತಿಪಟೂರಿನಲ್ಲಿದ್ದ ಮಗಳು ಅಳಿಯ ಒಂದು ಟ್ಯಾಬ್ ತಂದುಕೊಟ್ಟರು. ಕನ್ನಡದಲ್ಲಿ ಟೈಪ್ ಮಾಡಿ ಒತ್ತಿದರೆ ಅದು ಓದಿ ಹೇಳುತ್ತದೆ. ಹೆಣ್ಣುಧ್ವನಿ, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ತೂಗಿ ತೂಗಿ ಆಡುವ ಮಾತು. ಕಂಡಕ್ಟರಣ್ಣ ಟೈಪ್ ಮಾಡುತ್ತಿದ್ದದ್ದು ಮಾತ್ರ ತಮ್ಮದೇ ಭಾಷೆಯಲ್ಲಿ. "ಏನ್ಲಾ ಬಡ್ಡೆತ್ತದೆ, ಎಲ್ಲೋಗಿದ್ದೆ?" ಎಂದು ಆ ವಾರ್ತೆಯಮ್ಮ ನಯವಾಗಿ ಕೇಳಿದರೆ ಎದುರಿಗಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರೂ ಭುಜ ಕುಣಿಸಿ ನಗುತ್ತಿದ್ದರು. ಅಕ್ಕ ಅದಕ್ಕೆ ಬಟ್ಟೆಯ ಚೀಲ ಹೊಲಿದುಕೊಟ್ಟರು. ಅದನ್ನು ಕೊರಳಿಗೆ ಹಾಕಿಕೊಂಡು ಕಂಡಕ್ಟರಣ್ಣ ಮತ್ತೆ ಬಸ್‌ಸ್ಟ್ಯಾಂಡಿಗೆ ಹೋಗಿ ಹಳೆಯ ಗೆಳೆಯರ ಜೊತೆ ಕೂರತೊಡಗಿದರು. "ದೇವ್ರು ಒಂದ್ ಗಂಟ್ಲು ಕಿತ್ಕಂಡು ಇನ್ನೊಂದ್ ಕೊಟ್ಟ" ಎಂದು ಟ್ಯಾಬ್ ಹೇಳಿತು ಒಂದು ದಿನ.

ಒಮ್ಮೆ ಹಾಸನದಲ್ಲಿ ಬಸ್ಸು ಇಳಿಯುವಾಗ ನೂಕುನುಗ್ಗಲಿನಲ್ಲಿ ಆ ಚೀಲ ಕಳಚಿ ಬಿತ್ತು. ಟ್ಯಾಬಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿತು. ಅಂದು ಜೊತೆಯಲ್ಲಿ ನಾನೂ ಇದ್ದೆ. ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿ, ಬಣ್ಣದ ದೀಪ ಹಾಕಿ "ನಿಂತಲ್ಲೇ ಡಿಸ್‌ಪ್ಲೇ ಬದಲಾವಣೆ" ಎಂದು ಬರೆಸಿದ್ದ ಅಂಗಡಿಗೆ ಅವರು ನೇರವಾಗಿ ನುಗ್ಗಿದರು. ಒಳಗೆ ಮೂವತ್ತು ದಾಟಿದ ಒಬ್ಬ, ನುಣ್ಣಗೆ ಬಾಚಿದ ತಲೆ, ಮಾತು ಅದಕ್ಕಿಂತ ನುಣ್ಣಗೆ.

"ಒಳಗಿನ ಡಿಸ್‌ಪ್ಲೇನೂ ಹೋಗಿದೆ ಸಾ. ಪೂರಾ ಸೆಟ್ ಬದಲಾಯಿಸ್ಬೇಕು."

"ಕಂಪನಿಯದೇ ಹಾಕ್ತೀರಾ? ಇವರಿಗೆ ಮಾತೇ ಇದರಲ್ಲಿ" ಎಂದೆ ನಾನು.

"ಮೇಡಂ, ಕಂಪ್ನಿಗೂ ನಮಗೂ ಮಾಲು ಬರೋದು ಒಂದೇ ಕಡೆಯಿಂದ. ಅವ್ರು ಡಬ್ಬ ಚೆನ್ನಾಗಿರೋದು ಹಾಕ್ತಾರೆ, ಅಷ್ಟೆ."

ಕಂಡಕ್ಟರಣ್ಣ ಕೈಮುಗಿದು, ಗಂಟಲು ತೋರಿಸಿ, ಟ್ಯಾಬ್ ತೋರಿಸಿದರು. ಅವನು ಎದೆಯ ಮೇಲೆ ಕೈಯಿಟ್ಟು, "ನಮ್ಮಪ್ಪಂದು ಅಂತ್ಲೇ ತಿಳ್ಕೊಂಡು ಮಾಡ್ತೀನಿ" ಎಂದ.

ಕೆಲವು ದಿನ ಚೆನ್ನಾಗಿಯೇ ಇತ್ತು. ಆಮೇಲೆ ಬಿಸಿಲು ಏರಿದ ಹೊತ್ತಿನಲ್ಲಿ ಟ್ಯಾಬ್ ತನ್ನಷ್ಟಕ್ಕೆ ತಾನೇ ಅಕ್ಷರ ಒತ್ತಿಕೊಳ್ಳತೊಡಗಿತು. ಯಾರೂ ಮುಟ್ಟದೆ ಪರದೆಯ ಮೇಲೆ ಗ ಗ ಗ ಗ ಎಂದು ಸಾಲುಗಟ್ಟುವುದು. ಬೆರಳಿಟ್ಟ ಕಡೆ ಕೆಲವೊಮ್ಮೆ ಏನೂ ಆಗದು. ರೇಷನ್ ಅಂಗಡಿಯಲ್ಲಿ ಅಕ್ಕಿ ಕೇಳಲು ಹೋದಾಗ ವಾರ್ತೆಯಮ್ಮ "ಗ ಗ ಗ" ಎಂದಳು, ಸಾಲಿನಲ್ಲಿದ್ದವರು ನಕ್ಕರು. ಈ ಸಲ ಕಂಡಕ್ಟರಣ್ಣ ನಗಲಿಲ್ಲ.

ಅಂಗಡಿಗೆ ವಾಪಸ್ ಹೋದೆವು. "ಬೆವರಿನ ಕೈಲಿ ಮುಟ್ತೀರ, ಅದಕ್ಕೇ" ಎಂದ ಅವನು. ಇನ್ನೊಂದು ಸಲ ಹೋದಾಗ, "ಚಾರ್ಜರ್ ಬದಲಾಯಿಸಿ" ಎಂದ. ಮತ್ತೊಮ್ಮೆ ಅವರೊಬ್ಬರೇ ಹೋದಾಗ ಗಿರಾಕಿಗಳ ಎದುರಿಗೇ, "ಅಜ್ಜಂಗೆ ಮಾತಾಡಕ್ಕೆ ಎಷ್ಟ್ ಅರ್ಜೆಂಟು ನೋಡ್ರಪ್ಪಾ" ಎಂದು ನಕ್ಕನಂತೆ. ಅಂದು ಸಂಜೆ ಅವರು ನಮ್ಮ ಮನೆಗೆ ಬಂದು, ಜೊತೆಗೆ ತಂದಿದ್ದ ಸ್ಲೇಟಿನ ಮೇಲೆ ಆ ಮಾತನ್ನು ಬರೆದು ತೋರಿಸಿದರು. ಅದನ್ನು ಒರೆಸದೆ ಮನೆಗೆ ತೆಗೆದುಕೊಂಡು ಹೋದರು.

ಹೊಸ ಟ್ಯಾಬ್ ಕೊಡಿಸುತ್ತೇನೆಂದು ಮಗಳು ಹೇಳಿದ್ದಳು. ಯುಗಾದಿಗೆ ಬರುವಾಗ ತರುವುದೆಂದು ಮಾತಾಗಿತ್ತು. ಅಷ್ಟರೊಳಗೆ ಆಗಬಾರದ್ದು ಆಗಿಹೋಯಿತು.

ಅಂದು ನಡುಮಧ್ಯಾಹ್ನ. ನಾವು ಅಕ್ಕಪಕ್ಕದವರೆಲ್ಲ ಕೆಲಸಕ್ಕೆ ಹೋಗಿದ್ದೆವು. ಬಡಾವಣೆಯ ಮನೆಗಳಿಗೆಲ್ಲ ಬೀಗ. ಅಕ್ಕ ಅಡುಗೆಮನೆಯಲ್ಲಿ ಕುಸಿದುಬಿದ್ದರು. ಬಾಯಿ ಸೊಟ್ಟಗಾಗಿ, ಎಡಗೈ ಎಡಗಾಲು ಸೋತುಹೋಗಿದ್ದವು. ಕಂಡಕ್ಟರಣ್ಣ ಮನೆಯ ಫೋನಿನಿಂದ ಆಂಬುಲೆನ್ಸಿಗೆ ಹಚ್ಚಿದರು. "ಹೇಳಿ, ಏನಾಗಿದೆ?" ಎಂದಿತು ಆ ಕಡೆಯ ದನಿ. ಅವರು ಟೈಪ್ ಮಾಡಿ ಟ್ಯಾಬನ್ನು ಫೋನಿಗೆ ಹಿಡಿದರು. "ಗ ಗ ಗ ಗ" ಎಂದಿತು ಟ್ಯಾಬ್. "ಹಲೋ? ಯಾರು? ಮಾತಾಡಿ." "ಗ ಗ ಗ." "ಆಟ ಆಡ್ಬೇಡಿ, ಇದು ಆಂಬುಲೆನ್ಸ್ ನಂಬರು" ಎಂದು ಆ ಕಡೆಯವರು ಇಟ್ಟರು. ಮತ್ತೆ ಹಚ್ಚಿದರು. ಮತ್ತೆ ಅದೇ. ಟ್ಯಾಬಿನಿಂದಲೇ ಮಗಳಿಗೆ ಸಂದೇಶ ಕಳಿಸಲು ಹೋದರೆ ಬೆರಳು ಒತ್ತಿದ್ದೊಂದು, ಪರದೆಯ ಮೇಲೆ ಮೂಡಿದ್ದೊಂದು. ಬಾಗಿಲು ಬಾಗಿಲು ಬಡಿದರು. ಹೆಂಡತಿಯನ್ನು ಒಬ್ಬಳೇ ಬಿಟ್ಟುಹೋಗಲು ಮನಸ್ಸಾಗದೆ ಒಳಗೆ ಓಡಿದರು, ಹೊರಗೆ ಓಡಿದರು. ಕೊನೆಗೆ ಹಾಸನದ ರಸ್ತೆಗೆ ಬಂದು ಕೈಬೀಸಿದರೆ, ಬೈಕಿನವರು ಕಾರಿನವರು ಯಾರೋ ಕುಡುಕನೆಂದು ಪಕ್ಕಕ್ಕೆ ಸರಿದು ಹೋದರು. ಕುತ್ತಿಗೆಯ ಬಟ್ಟೆ ಬಿಚ್ಚಿಹೋಗಿ, ಆ ತೂತಿನಿಂದ ಏದುಸಿರು ಬಿಡುತ್ತ ನಿಂತ ಮನುಷ್ಯನನ್ನು ಕಂಡು ಆಟೋದವನೊಬ್ಬ ಹೆದರಿ ವೇಗ ಹೆಚ್ಚಿಸಿದನಂತೆ.

ಹೊತ್ತು ಇಳಿಯುತ್ತಿದ್ದಾಗ ಅವರು ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ಬಸ್ಸೊಂದಕ್ಕೆ ಅಡ್ಡ ನಿಂತರು. ಡ್ರೈವರ್ ಗುರುತು ಹಿಡಿದ. "ಇದ್ಯಾಕಣ್ಣೋ!" ಎಂದು ಇಳಿದು ಬಂದವನ ಕೈ ಹಿಡಿದು ಎಳೆದುಕೊಂಡೇ ಮನೆಗೆ ಹೋದರು. ಬಸ್ಸಿನಲ್ಲಿದ್ದವರೇ ಅಕ್ಕನನ್ನು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಬಸ್ಸು ಎಲ್ಲೂ ನಿಲ್ಲದೆ ಹಾಸನದ ದೊಡ್ಡಾಸ್ಪತ್ರೆಯ ಗೇಟಿಗೇ ಹೋಯಿತು. ಸುದ್ದಿ ತಿಳಿದು ನಾನು ಶಾಲೆಯಿಂದ ಓಡಿದಾಗ ಡಾಕ್ಟರು ಅವರಿಗೆ ಹೇಳುತ್ತಿದ್ದರು: "ಬಿದ್ದ ತಕ್ಷಣ ಕರ್ಕೊಂಡು ಬಂದಿದ್ರೆ ಒಂದು ಇಂಜೆಕ್ಷನ್ ಇತ್ತು. ಈಗ ಸಮಯ ಮೀರಿದೆ. ಜೀವಕ್ಕೆ ಭಯ ಇಲ್ಲ. ಕೈಕಾಲು ಮಾತ್ರ ಹೇಳಕ್ಕಾಗಲ್ಲ."

ಕಂಡಕ್ಟರಣ್ಣ ಅಳಲಿಲ್ಲ. ಕೊರಳಿನ ಚೀಲದಿಂದ ಟ್ಯಾಬ್ ತೆಗೆದು ನನ್ನ ಕೈಗೆ ಕೊಟ್ಟರು. ಅದರ ಬೆನ್ನು ಉಬ್ಬಿ ಬೆಚ್ಚಗಿತ್ತು.

ಅದನ್ನು ನಾನು ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆ. ಬಿಚ್ಚಿ ನೋಡಿದ ಹುಡುಗಿ ಹೇಳಿದಳು: "ಇದು ನಮ್ಮ ಡಿಸ್‌ಪ್ಲೇ ಅಲ್ಲ ಮೇಡಂ, ಅಗ್ಗದ ನಕಲಿ. ಕೂರಿಸುವಾಗ ಬ್ಯಾಟರಿ ಮೇಲೆ ಒತ್ತಿಬಿಟ್ಟಿದ್ದಾರೆ, ಊದಿಕೊಂಡಿದೆ. ಇನ್ನು ಚಾರ್ಜ್ ಹಾಕ್ಬೇಡಿ, ಬೆಂಕಿ ಹತ್ತಬಹುದು." ಒಡೆದ ದಿನ ನಾನು ಫೋನಿನಲ್ಲಿ ತೆಗೆದಿದ್ದ ಚಿತ್ರ ತೋರಿಸಿದೆ. "ಮೇಲಿನ ಗಾಜು ಮಾತ್ರ ಒಡೆದಿರೋ ಹಾಗಿದೆ. ಚಿತ್ರ ಸರಿಯಾಗಿ ಬರ್ತಿತ್ತಲ್ಲ? ಒಳಗಿನ ಒರಿಜಿನಲ್ ಚೆನ್ನಾಗೇ ಇತ್ತು. ಅದನ್ನ ಅವ್ರು ಇಟ್ಕೊಂಡಿದ್ದಾರೆ." ಸರಿಮಾಡಿ ಕೊಡಿ ಎಂದೆ. "ಹೊರಗಡೆ ಬಿಚ್ಚಿಸಿದ್ದನ್ನ ನಾವು ಮುಟ್ಟೋ ಹಾಗಿಲ್ಲ" ಎಂದಳು.

ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣ, ದೂರು ನಾನೇ ಬರೆದುಕೊಡುತ್ತೇನೆ ಎಂದು ಕಂಡಕ್ಟರಣ್ಣನಿಗೆ ಹೇಳಿದೆ. ಅವರು ಸ್ಲೇಟು ತೆಗೆದುಕೊಂಡರು.

"ಕೋರ್ಟು ನ್ಯಾಯ ಕೊಡ್ತದೆ. ನಂಗೆ ನ್ಯಾಯ ಬ್ಯಾಡ."

ಅಕ್ಕ ಮನೆಗೆ ಬಂದು, ನೋಡಿಕೊಳ್ಳಲು ಹೆಂಗಸೊಬ್ಬರು ಗೊತ್ತಾದ ಮೇಲೆ, ಅವರು ಹಳೆಯ ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿಸಿ ತೊಟ್ಟರು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಬಸ್ಸಿಗೆ ಹೋದರು. ಅಡ್ಡ ನಿಂತು ಬಸ್ಸು ನಿಲ್ಲಿಸಿದ ಕಥೆಯನ್ನೂ ನಕಲಿ ಡಿಸ್‌ಪ್ಲೇಯ ಕಥೆಯನ್ನೂ ಆ ಡ್ರೈವರ್ ಆಗಲೇ ಎಲ್ಲರಿಗೂ ಹೇಳಿದ್ದ. ಕಂಡಕ್ಟರಣ್ಣ ಸ್ಲೇಟಿನ ಮೇಲೆ ಬರೆದು ತೋರಿಸಿದ್ದು ಒಂದೇ ಮಾತು: "ನಂಗೆ ಗಂಟ್ಲಿಲ್ಲ. ನೀವು ಕೂಗಿ."

ಮಾರನೆಯ ದಿನ ನಾನು ಇಳಿಯುವಾಗ, ಮಗನ ವಯಸ್ಸಿನ ಕಂಡಕ್ಟರೊಬ್ಬ ಫುಟ್‌ಬೋರ್ಡಿನ ಮೇಲೆ ನಿಂತು ಕೂಗುತ್ತಿದ್ದ: "ಹಾಸ್ನ ಹಾಸ್ನ! ಇಳೀರಿ, ಇಳೀರಿ! ಎದುರ್ಗಡೆ ಡಿಸ್‌ಪ್ಲೇ ಅಂಗ್ಡಿಗೆ ಓಗೋರು ಎಂಡ್ತಿಮಕ್ಳ ಮುಖ ನೆನೆಸ್ಕಂಡು ಓಗಿ! ನಮ್ಮಣ್ಣಂದು ಒಳ್ಳೆ ಡಿಸ್‌ಪ್ಲೇ ಕಿತ್ಕಂಡು ನಕ್ಲಿ ಹಾಕವ್ನೆ!" ಹಿಂದಿನ ಬಸ್ಸಿನಲ್ಲೂ ಅದೇ ಕೂಗು. ಅರಸೀಕೆರೆ ಬಸ್ಸಿನಲ್ಲೂ ಅದೇ. ನನ್ನ ಮೈಯಲ್ಲಿ ಒಂದು ಸುಖ ಹರಿದಾಡಿತು. ಬ್ಯಾಗು ಹಿಡಿದುಕೊಂಡು ಅಲ್ಲೇ ನಿಂತು, ಆ ಅಂಗಡಿಯವನು ಬಾಗಿಲಿಗೆ ಬಂದು ಯಾರನ್ನು ಬೈಯಬೇಕೆಂದು ತಿಳಿಯದೆ ಕತ್ತು ತಿರುಗಿಸುವುದನ್ನು ನೋಡಿದೆ. ಶಾಲೆಗೆ ತಡವಾಯಿತು.

ಕಂಡಕ್ಟರಣ್ಣ ಅಂಗಡಿಯೊಳಗೆ ಕಾಲಿಡುತ್ತಿರಲಿಲ್ಲ. ಎದುರು ಫುಟ್‌ಪಾತಿನಲ್ಲಿ ಕೂರುತ್ತಿದ್ದರು. ಒಳಗೆ ಹೋಗುವವರಿಗೆ, ಬ್ಯಾಟರಿ ತೆಗೆಸಿದ್ದ ಆ ಟ್ಯಾಬಿನ ಹೆಣವನ್ನೂ ಕೊರಳಿನ ತೂತನ್ನೂ ತೋರಿಸಿ, ನಡೆದದ್ದನ್ನು ಬರೆದ ಸ್ಲೇಟನ್ನು ಮುಂದೆ ಹಿಡಿಯುತ್ತಿದ್ದರು. ಹತ್ತರಲ್ಲಿ ಎಂಟು ಜನ ತಿರುಗಿ ಹೋಗುತ್ತಿದ್ದರು. ಅವನು ಪೊಲೀಸರನ್ನು ಕರೆಸಿದ. ಬಂದ ಪೇದೆ ಸ್ಲೇಟು ಓದಿ, "ಇದ್ರಲ್ಲಿ ಸುಳ್ಳು ಯಾವ್ದಪ್ಪ, ತೋರ್ಸು" ಎಂದು ಅವನನ್ನೇ ಕೇಳಿದ.

"ಪಾಪ, ಅವನದೂ ಹೊಟ್ಟೆಪಾಡು" ಎಂದರು ನನ್ನ ಯಜಮಾನರು ಒಂದು ದಿನ. "ಅಕ್ಕನ ಕಾಲು ನಿಮ್ಮ ಕಣ್ಣಿಗೆ ಬೀಳಲಿಲ್ವಾ?" ಎಂದೆ. ಆಮೇಲೆ ನಮ್ಮ ಮನೆಯಲ್ಲಿ ಆ ಮಾತು ಬರಲಿಲ್ಲ.

ಅಕ್ಕನ ವಿಷಯ ಹೇಳಬೇಕು. ಗಂಡ ಮನೆಗೆ ಬಂದ ಕೂಡಲೇ ಮಲಗಿದಲ್ಲಿಂದಲೇ ತೊದಲುತ್ತಾ ಕೇಳುವ ಮೊದಲ ಮಾತು, "ಇವತ್ತು ಯಾರ್ ಯಾರ್ ವಾಪಸ್ ಓದ್ರು?" ಕಂಡಕ್ಟರಣ್ಣ ಕೈಸನ್ನೆಯಲ್ಲಿ ಒಬ್ಬೊಬ್ಬರನ್ನೂ ನಟಿಸಿ ತೋರಿಸುತ್ತಿದ್ದರು. ಮೀಸೆ ತಿರುವುವ ಗೌಡರು, ಸೆರಗು ಸರಿಮಾಡಿಕೊಳ್ಳುವ ನರ್ಸಮ್ಮ, ಬ್ಯಾಗು ಹೊತ್ತ ಕಾಲೇಜು ಹುಡುಗ. ಅಕ್ಕ ಸೊಟ್ಟಬಾಯಲ್ಲಿ ನಗುತ್ತಾ ಅಂಬಲಿ ಕುಡಿಯುತ್ತಿದ್ದರು. ಅವರಿಗೆ ಊಟ ಸೇರುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಹಾಸನದ ಅಂಗಡಿ ಮುಚ್ಚಿತು. ಅವನು ಚನ್ನರಾಯಪಟ್ಟಣದಲ್ಲಿ ಬೇರೆ ಬೋರ್ಡು ಹಾಕಿಕೊಂಡು ಕೂತ. ನುಗ್ಗೇಹಳ್ಳಿ ಬಸ್ಸಿನ ಕಂಡಕ್ಟರು ಅವನನ್ನು ಕಂಡು ಸುದ್ದಿ ಮುಟ್ಟಿಸಿದ. ಖಾಕಿ ಅಂಗಿ ಚನ್ನರಾಯಪಟ್ಟಣಕ್ಕೆ ಹೊರಟಿತು. ಅಲ್ಲಿಂದಲೂ ಅವನು ಕಿತ್ತುಕೊಂಡು ಅರಕಲಗೂಡಿಗೆ ಹೋದ. ಈ ಸಲ ಸುದ್ದಿ ತಂದದ್ದು ರಾಮನಾಥಪುರದ ಬಸ್ಸು. ಅರಕಲಗೂಡಿನಲ್ಲಿ ಎದುರಿನ ಕಟ್ಟೆಯ ಮೇಲೆ ಕಂಡಕ್ಟರಣ್ಣನನ್ನು ಕಂಡೊಡನೆ ಅವನು ಅರ್ಧ ಎತ್ತಿದ್ದ ಶಟರ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟನಂತೆ.

ಒಂದು ಭಾನುವಾರ ಬೆಳಗ್ಗೆ ಅವನು ಕಂಡಕ್ಟರಣ್ಣನ ಮನೆಗೇ ಬಂದ. ನಾನು ಅಕ್ಕನಿಗೆ ತಲೆ ಬಾಚಲು ಹೋಗಿದ್ದೆ. ಅವನ ನುಣ್ಣಗೆ ಬಾಚುತ್ತಿದ್ದ ತಲೆ ಕೆದರಿತ್ತು, ಮುಖ ಇಳಿದುಹೋಗಿತ್ತು. ಕೈಯಲ್ಲಿ ಹೊಸ ಟ್ಯಾಬಿನ ಡಬ್ಬ. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಮಂಚದ ಮೇಲಿದ್ದ ಅಕ್ಕನಿಗೆ ಎಲ್ಲವೂ ಕಾಣುತ್ತಿತ್ತು.

"ತಪ್ಪಾಯ್ತು ಸಾ. ಒಳ್ಳೆ ಡಿಸ್‌ಪ್ಲೇ ಅಂತ ಆಸೆ ಬಿತ್ತು, ಇಟ್ಕಂಡೆ. ಹಿಂಗೆಲ್ಲ ಆಯ್ತದೆ ಅಂತ ನಂಗೇನ್ ಗೊತ್ತು ಸಾ? ಇದು ಕಂಪ್ನಿದು, ಬಿಲ್ಲೂ ಐತೆ. ಇನ್ನು ಬುಟ್ಬುಡಿ ನನ್ನ" ಎಂದು ಕಾಲಿಗೆ ಬಿದ್ದ. ಈಗ ಅವನ ಮಾತಿನಲ್ಲಿ ಪೇಟೆಯ ನಯವಿರಲಿಲ್ಲ.

ಕಂಡಕ್ಟರಣ್ಣ ಡಬ್ಬ ಮುಟ್ಟಲಿಲ್ಲ. ಸ್ಲೇಟಿನ ಮೇಲೆ ಬರೆದರು. "ಎದ್ದೇಳು. ಟೀಚರಮ್ಮಂಗೆ ಫೋನ್ ಮಾಡು. ನನ್ನ ಎಂಡ್ತಿ ಬಿದ್ದವ್ಳೆ, ಬನ್ನಿ ಅಂತ ತಿಳ್ಸು. ಬಾಯಿ ಮಾತ್ರ ಬಿಚ್ಚುವಂಗಿಲ್ಲ."

ಅವನು ನನ್ನ ಮುಖ ನೋಡಿದ. ನಾನು ನಂಬರು ಹೇಳಿದೆ. ಅವನು ಒತ್ತಿದ. ನನ್ನ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಎತ್ತಿದೆ.

"ಹಲೋ? ಯಾರು? ಮಾತಾಡಿ."

ಅವನು ತುಟಿ ಬಿಗಿಹಿಡಿದು ನಿಂತಿದ್ದ. ಮೂಗಿನಿಂದ ಉಸಿರು ಮಾತ್ರ ಕೇಳಿಸುತ್ತಿತ್ತು.

"ಆಟ ಆಡ್ಬೇಡಿ" ಎಂದು ಕತ್ತರಿಸಿದೆ.

ಕಂಡಕ್ಟರಣ್ಣ ಮತ್ತೆ ಮಾಡು ಎಂದು ಕೈಸನ್ನೆ ಮಾಡಿದರು. ಮತ್ತೆ ಮಾಡಿದ. "ಹಲೋ? ಯಾರು? ಮಾತಾಡಿ. ಆಟ ಆಡ್ಬೇಡಿ." ಕತ್ತರಿಸಿದೆ. ಅವನ ಕಣ್ಣಿನಿಂದ ನೀರು ಇಳಿಯತೊಡಗಿತು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಬೇಕೆಂದು ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅವನ ಬೆರಳು ಸೋತು ಫೋನು ಕೆಳಗಿಳಿದಾಗ ಒಳಗಿನಿಂದ ಅಕ್ಕನ ತೊದಲು ದನಿ ಬಂತು.

"ಇನ್ನೊಂದ್ಸಲ."

ಆ ದನಿ ಕೇಳಿ ಅವನು ಮೊದಲ ಬಾರಿಗೆ ಒಳಕೋಣೆಯ ಕಡೆ ತಿರುಗಿ ನೋಡಿದ. ಮಂಚ, ಮಂಚದ ಪಕ್ಕದ ಬೆಡ್‌ಪ್ಯಾನ್, ಹೊದಿಕೆಯ ಆಚೆ ಚಾಚಿಕೊಂಡಿದ್ದ ಸೊರಗಿದ ಕಾಲು. ಫೋನು ಅವನ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡು, ಗೋಡೆಗೆ ಒರಗಿ ಗಟ್ಟಿಯಾಗಿ ಅತ್ತ. "ನಾಳೆಯಿಂದ ಅಂಗ್ಡಿ ತೆಗೆಯಕ್ಕಿಲ್ಲ ಸಾ. ಈ ಕೆಲ್ಸಾನೇ ಬುಟ್ಬುಡ್ತೀನಿ" ಎಂದ. ಅದನ್ನು ಅವನು ನಡೆಸಿಯೂ ಕೊಟ್ಟ. ಡಬ್ಬವನ್ನು ಜಗಲಿಯ ಮೇಲಿಟ್ಟು ಹೊರಟವನ ಹಿಂದೆಯೇ ಕಂಡಕ್ಟರಣ್ಣ ಹೋಗಿ, ಅದನ್ನು ಅವನ ಬೈಕಿನ ಸೀಟಿನ ಮೇಲಿಟ್ಟು ಬಂದರು.

ಬೈಕಿನ ಸದ್ದು ದೂರವಾದ ಮೇಲೆ ಕೇಳಿದೆ, "ಇಷ್ಟಕ್ಕೆ ಸಾಕಲ್ವಾ ಅಣ್ಣ?"

ಅವರು ಸ್ಲೇಟಿನ ಮೇಲೆ "ಅವಳ್ನ ಕೇಳು" ಎಂದು ಬರೆದು ಒಳಗೆ ಬೆರಳು ತೋರಿಸಿದರು.

ನಾನು ಕೇಳಬೇಕಾಗಿರಲಿಲ್ಲ. ಅಕ್ಕನಿಗೆ ಕೇಳಿಸಿತ್ತು. ಬಲಗೈಯಿಂದ ತಮ್ಮ ಎಡಗೈಯನ್ನು ಎತ್ತಿ ಎದೆಯ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರವನ್ನು ಕೂಡಿಸಿ ಹೇಳಿದರು:

"ನಾ ಎದ್ದು ನಿಂತ್ ದಿಸ ಸಾಕು ಅಂತೀನಿ."

ಕಂಡಕ್ಟರಣ್ಣ ಸ್ಲೇಟು ಕೆಳಗಿಟ್ಟರು. ಅಂಗಿಯ ತೋಳು ಮಡಿಸಿಕೊಂಡು ಮಂಚದ ಬಳಿ ಹೋಗಿ, ಅಕ್ಕನ ಕಂಕುಳಿಗೆ ಕೈಕೊಟ್ಟು ಮೆಲ್ಲಗೆ ಎತ್ತಿ, ಗಾಲಿಕುರ್ಚಿಗೆ ಕೂರಿಸಿ ಬಚ್ಚಲಿಗೆ ಕರೆದುಕೊಂಡು ಹೋದರು.